ಟೆಲಿಫೋನ್ ಬಳಸುವ ಕ್ರಮ

ನನ್ನ ಚಿಗವ್ವ ಸಾವಂತ್ರವ್ವ ಮದುವೆಯಾಗಿ ಪುಣೆಗೆ ಬಂದಾಗಿನಿಂದ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಗದಗದ ಕಡೆ ಯಾವ ಹೆಂಗಸೂ ಹೇಳುವುದಿಲ್ಲ. ನನ್ನ ಅವ್ವನೂ ಅಪ್ಪನನ್ನು ‘ಇವರು’ ಎಂದುಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದ್ದಾಳೆ. ಆದರೆ ಉಳಿದವರಿಗೆ ಅದು ರೂಢಿ, ಚಿಗವ್ವನಿಗೆ ಅದು ಹೆದರಿಕೆ. ಅವಳು ಚಿಕ್ಕವಳಿದ್ದಾಗ ಓಣಿಯ ಒಬ್ಬ ಹೆಂಗಸು ಜಗಳದ ಸಿಟ್ಟಿನಲ್ಲಿ ಗಂಡನ ಹೆಸರು ಹಿಡಿದು ಕೂಗಿದಳಂತೆ. ಆ ಶ್ರಾವಣ ಮುಗಿಯುವುದರೊಳಗೆ ಅವನು ಹಾವು ಕಚ್ಚಿ ಸತ್ತನಂತೆ. ಹೆಂಡತಿಯ ಬಾಯಿಂದ ಹೆಸರು ಹೊರಬಿದ್ದಷ್ಟೂ ಗಂಡನ ಆಯುಷ್ಯ ಸವೆಯುತ್ತದೆ ಎಂದು ಅವಳು ಅಂದೇ ನಂಬಿದಳು. ಹಾವಿಗೂ ಜಗಳಕ್ಕೂ ಏನು ಸಂಬಂಧ ಎಂದು ನಾನು ಎಷ್ಟೋ ಸಲ ವಾದಿಸಿದ್ದೇನೆ. “ನೀ ಏನ್ ಹಾವಿನ ಕಾಲೇಜಿಗೆ ಹೋಗ್ತೀಯೇನು?” ಎಂದು ಕೇಳಿ ಅವಳು ರೊಟ್ಟಿ ಬಡಿಯುವುದನ್ನು ಮುಂದುವರಿಸುತ್ತಾಳೆ.

ಗಂಡನ ಹೆಸರು ಈರಬಸಪ್ಪ, ನನಗೆ ಕಾಕಾ. ಭವಾನಿ ಪೇಠದಲ್ಲಿ ಬೆಲ್ಲದ ವ್ಯಾಪಾರ. ಕೆಳಗೆ ಅಂಗಡಿ ಮತ್ತು ಬೆಲ್ಲ ತುಂಬಿಡುವ ವಖಾರಿ, ಮೇಲೆ ಮನೆ. ಹಲಗೆಯ ಮೇಲೆ ದೇವನಾಗರಿಯಲ್ಲೂ ಕನ್ನಡದಲ್ಲೂ ಅದೇ ಹೆಸರು ಇರುವುದರಿಂದ ಚಿಗವ್ವನಿಗೆ ಅಂಗಡಿಯ ಹೆಸರನ್ನೂ ಹೇಳುವ ಹಾಗಿಲ್ಲ. ಅಷ್ಟೇ ಆಗಿದ್ದರೆ ನಡೆಯುತ್ತಿತ್ತು. ಮರಾಠಿಯಲ್ಲಿ ಕೂತುಕೊಳ್ಳಿ ಎನ್ನುವುದಕ್ಕೆ ‘ಬಸಾ’ ಎನ್ನುತ್ತಾರಲ್ಲ, ಅದೂ ಗಂಡನ ಹೆಸರಿಗೆ ತೀರ ಹತ್ತಿರ ಹೋಗುತ್ತದೆಂದು ಅವಳು ಆ ಮಾತನ್ನೇ ಬಿಟ್ಟಳು. ನೆರೆಯ ಇಂದೂತಾಯಿ ಬಂದರೆ ‘ಯಾ, ಯಾ’ ಎಂದು ಕರೆದು ಚಾಪೆ ಹಾಸಿ ಸುಮ್ಮನೆ ನಗುತ್ತ ನಿಲ್ಲುತ್ತಾಳೆ. ಈ ಕಾನಡಿ ಬಾಯಿಗೆ, ಕನ್ನಡದ ಹೆಂಗಸಿಗೆ, ಎಷ್ಟು ಸೊಕ್ಕು, ಕೂತುಕೋ ಎಂದು ಬಾಯಿಮಾತಿಗೂ ಅನ್ನುವುದಿಲ್ಲ ಎಂದು ಇಂದೂತಾಯಿ ಬಹಳ ದಿನ ತಿಳಿದುಕೊಂಡಿದ್ದಳು.

ಒಂದೇ ಒಂದು ರಿಯಾಯಿತಿ ಎಂದರೆ ಒಡಪು. ಮದುವೆ, ಸೀಮಂತಗಳಲ್ಲಿ ಹೆಂಗಸರು ಸುತ್ತುಗಟ್ಟಿ ಕಾಡಿದಾಗ ಪದ್ಯದಲ್ಲಿ ಸುತ್ತಿ ಹೆಸರು ಹೇಳಬಹುದು, ಅದಕ್ಕೆ ದೋಷವಿಲ್ಲ. ಚಿಗವ್ವ ಅದರಲ್ಲಿ ಗಟ್ಟಿ. ‘ಹತ್ತಿ ಹೊಲದಾಗ ಹಾಡ್ಯಾವ ಗಿಣಿ, ಈರಬಸಪ್ಪನವರು ನನ್ನ ಕೊರಳಾನ ಮಣಿ’ ಎಂದು ಒಂದೇ ಉಸಿರಿಗೆ ಹೇಳಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡುಬಿಡುತ್ತಾಳೆ. ಹೆಸರು ಬಂತೋ ಇಲ್ಲವೋ ಎಂದು ಕೇಳಿದವರಿಗೆ ಅನುಮಾನ ಉಳಿಯುತ್ತದೆ.

ನಾನು ಗೂಳಪ್ಪ, ಇವರ ಮನೆಯಲ್ಲೇ ಇದ್ದುಕೊಂಡು ಓದುವವನು. ಸಂಗಮದ ದಂಡೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ತಿನ ವಿದ್ಯೆ ಕಲಿಯುತ್ತೇನೆ, ಇದು ಕೊನೆಯ ವರ್ಷ. ನನ್ನ ವಯಸ್ಸಿನ ಹುಡುಗರಲ್ಲಿ ಎಷ್ಟೋ ಮಂದಿ ಸತ್ಯಾಗ್ರಹ ಮಾಡಿ ಯೆರವಡಾ ಜೈಲನ್ನು ಒಳಗಿನಿಂದ ನೋಡಿ ಬಂದಿದ್ದಾರೆ. ನಾನು ಹೊರಗಿನಿಂದ ನೋಡಿದ್ದು, ಅದೂ ಸೈಕಲ್ಲಿನ ಮೇಲೆ, ತಂತಿಕಂಬಗಳು ಯಾವ ಕಡೆಯಿಂದ ಒಳಗೆ ಹೋಗುತ್ತವೆಂದು ತಿಳಿಯುವುದಕ್ಕಾಗಿ. ದೇಶದ ಚಿಂತೆ ಇಲ್ಲವೆಂದಲ್ಲ. ನನ್ನ ತಲೆ ಬೇರೆ ಕಡೆ ಹೋಗಿಬಿಡುತ್ತದೆ, ನಾನೇನು ಮಾಡಲಿ?

ಲೋಣಾವಳೆಯಲ್ಲಿ ಮಳೆ ಸುರಿಯುತ್ತದೆ. ಆ ನೀರು ಕೆರೆಯಲ್ಲಿ ನಿಂತು, ಕೊಳವೆಗಳಲ್ಲಿ ಘಟ್ಟ ಇಳಿದು, ಚಕ್ರ ತಿರುಗಿಸಿ ಕರೆಂಟಾಗುತ್ತದೆ. ಅದೇ ಕರೆಂಟು ಮುಂಬಯಿಯ ಗಾಡಿಯನ್ನು ಅದೇ ಘಟ್ಟದ ಮೇಲಕ್ಕೆ ಎಳೆದು ತರುತ್ತದೆ. ಮೊದಲ ಸಲ ಹೊಗೆಯಿಲ್ಲದ ಆ ಗಾಡಿಯಲ್ಲಿ ಕೂತಾಗ ನನಗೆ ಹೊರಗೆ ಸುರಿಯುವ ಮಳೆಯೇ ನಮ್ಮನ್ನು ಎತ್ತಿಕೊಂಡು ಹೋಗುತ್ತಿದೆ ಎನ್ನಿಸಿತು. ಕಿಟಕಿಯಿಂದ ಕೈ ಹೊರಚಾಚಿ ಒಂದಷ್ಟು ಹನಿ ಹಿಡಿದೆ. ಎದುರಿಗೆ ಕೂತಿದ್ದವರು ಕಿಟಕಿ ಮುಚ್ಚು ಎಂದು ಬೈದರು, ಆ ಮಾತು ಬೇರೆ. ರೇಡಿಯೋ ಅಂತೂ ನನ್ನನ್ನು ಹುಚ್ಚನನ್ನಾಗಿ ಮಾಡಿದೆ. ಇರಾಣಿಯ ಹೋಟೆಲಿನಲ್ಲಿ ಒಂದು ಕಪ್ ಚಹಾ ಹಿಡಿದು, ಅದು ಆರಿ ತಣ್ಣಗಾಗುವ ತನಕ ಮುಂಬಯಿಯ ಹಾಡು ಕೇಳುತ್ತೇನೆ. ಹಾಡುವವಳು ಅಲ್ಲಿ ಉಸಿರು ಎಳೆದುಕೊಂಡದ್ದು ಇಲ್ಲಿ ಕೇಳಿಸುತ್ತದೆ. ವಿಲಾಯತಿಯಲ್ಲಿ ಚಿತ್ರವನ್ನೂ ಹೀಗೇ ಗಾಳಿಯಲ್ಲಿ ಕಳಿಸುತ್ತಿದ್ದಾರಂತೆ. ಹಾಗಾದರೆ ಈ ಭವಾನಿ ಪೇಠದ ಗಾಳಿಯಲ್ಲಿ, ಬೆಲ್ಲದ ವಾಸನೆ ಮತ್ತು ನೊಣಗಳ ನಡುವೆ, ಯಾರದೋ ದನಿಗಳು ಓಡಾಡುತ್ತಲೇ ಇರುತ್ತವಲ್ಲ, ಹಿಡಿಯುವ ಯಂತ್ರವಿಲ್ಲದೆ ನಾವು ಸುಮ್ಮನೆ ಅವುಗಳ ನಡುವೆ ನಡೆದಾಡುತ್ತೇವಲ್ಲ ಎಂದು ಯೋಚಿಸುತ್ತ ನಾನು ಬೆಲ್ಲದ ಗಾಡಿಗೆ ಡಿಕ್ಕಿ ಹೊಡೆದದ್ದೂ ಉಂಟು.

ಇಂಥ ಮನೆಗೆ ಈ ವರ್ಷ ಟೆಲಿಫೋನು ಬಂತು. ಗೋಡೆಗೆ ಹೊಡೆದ ಮರದ ಪೆಟ್ಟಿಗೆ, ಬದಿಗೊಂದು ಹಿಡಿಕೆ, ಮೇಲೆರಡು ಗಂಟೆ. ಅಂಗಡಿಯಲ್ಲಿ ಹಮಾಲರ ಗದ್ದಲದಲ್ಲಿ ಏನೂ ಕೇಳಿಸುವುದಿಲ್ಲವೆಂದು ಕಾಕಾ ಅದನ್ನು ಮೇಲೆ ಪಡಸಾಲೆಯಲ್ಲಿ ಹಾಕಿಸಿದರು. ಹಾಕಿಸಿದ ದಿನ ಅದಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆದರು. ಆಮೇಲೆ ನನ್ನ ಕಡೆ ತಿರುಗಿದರು.

“ಗೂಳಪ್ಪಾ, ನೀ ಇಂಜಿನಿಯರ ಆಗಾಂವ. ಇದನ್ನ ಹ್ಯಾಂಗ ಉಪಯೋಗ ಮಾಡಬೇಕು ಅನ್ನೂದನ್ನ ಕನ್ನಡದಾಗ ಬರದು ಕೊಡು. ಮನ್ಯಾಗ ಎಲ್ಲಾರಿಗೂ ತಿಳೀಬೇಕು.”

ನನಗೆ ಎಲ್ಲಿಲ್ಲದ ಉಬ್ಬು. ಆಗಲೇ ನಾನು ಕಾಲೇಜಿನ ಪತ್ರಿಕೆಗೆ ‘ನಾಳೆಯ ವಿದ್ಯುತ್ತು’ ಎಂದು ಇಂಗ್ಲಿಷಿನಲ್ಲಿ ಒಂದು ಲೇಖನ ಬರೆಯುತ್ತಿದ್ದೆ. ಅದರಲ್ಲಿ ಗಾಡಿ, ಮಳೆಹನಿ, ಹಾಡುವವಳ ಉಸಿರು ಎಲ್ಲ ಇದ್ದವು. ನಮ್ಮ ಪ್ರೊಫೆಸರು ಅದನ್ನು ಓದಿ, ‘ನಾನು’ ಎಂದು ಬಂದ ಕಡೆಯಲ್ಲೆಲ್ಲ ಕೆಂಪು ಗೆರೆ ಎಳೆದಿದ್ದರು. ತಾಂತ್ರಿಕ ಬರವಣಿಗೆಯಲ್ಲಿ ಬರೆಯುವವನು ಇರಬಾರದು, ಮಳೆಯಲ್ಲಿ ಕೈ ಚಾಚುವವನಂತೂ ಇರಲೇಬಾರದು. ಯಂತ್ರ, ಅದರ ಅಳತೆ, ಅದರ ಫಲ, ಇಷ್ಟೇ ಇರಬೇಕು ಎಂದಿದ್ದರು. ಸಿಟ್ಟು ಬಂದರೂ ಮಾತು ನನ್ನ ಮನಸ್ಸಿನಲ್ಲಿ ಕೂತಿತು. ಪುಸ್ತಕಗಳಲ್ಲಿ ನೋಡಿದರೆ ಅದೇ ನಿಜ. ಅಲ್ಲಿ ‘ಚಂದಾದಾರ’ ಎಂಬ ಒಬ್ಬ ಪ್ರಾಣಿ ಇರುತ್ತಾನೆ. ಅವನು ಹಿಡಿಕೆ ತಿರುಗಿಸುತ್ತಾನೆ, ಮಾತಾಡುತ್ತಾನೆ, ಇಡುತ್ತಾನೆ. ಅವನಿಗೆ ಊರಿಲ್ಲ, ಮನೆಯಿಲ್ಲ, ನೆಗಡಿಯೂ ಆಗುವುದಿಲ್ಲ.

ಆ ಚಂದಾದಾರನನ್ನು ಕಣ್ಣ ಮುಂದೆ ಇಟ್ಟುಕೊಂಡು ನಾನು ‘ಟೆಲಿಫೋನ್ ಬಳಸುವ ಕ್ರಮ’ ಬರೆದೆ. ಹಿಡಿಕೆಯನ್ನು ಒಂದೇ ಸಮನೆ ತಿರುಗಿಸಬೇಕು. ಕಿವಿಗೆ ಹಿಡಿಯುವುದನ್ನು ಎತ್ತಬೇಕು. ಎಕ್ಸ್‌ಚೇಂಜಿನವರು ಕೇಳಿದಾಗ ನಂಬರು ಹೇಳಬೇಕು. ಆ ಕಡೆಯವರು ಮಾತಾಡಿದ ಕೂಡಲೇ ಮನೆಯ ಯಜಮಾನನ ಹೆಸರನ್ನು ಸ್ಪಷ್ಟವಾಗಿ ಹೇಳಬೇಕು. ಹೆಸರು ಹೇಳುವ ಮುನ್ನ ಬೇರೇನನ್ನೂ ಹೇಳಬಾರದು. ಕೆಳಗೆ ಬೇಕಾದವರ ನಂಬರುಗಳು, ಮೊದಲು ರಾಸ್ತಾ ಪೇಠದ ಮಾರ್ತಾಂಡ ಡಾಕ್ಟರದು. ದಪ್ಪ ಅಕ್ಷರ, ಸಣ್ಣ ವಾಕ್ಯ. ಇವತ್ತಿಗೂ ಹೇಳುತ್ತೇನೆ, ಅಚ್ಚುಕಟ್ಟಾದ ಬರವಣಿಗೆ. ಕಾಕಾ ಅದಕ್ಕೆ ಗಾಜು ಹಾಕಿಸಿ ಪೆಟ್ಟಿಗೆಯ ಪಕ್ಕ ತೂಗುಹಾಕಿದರು.

ಚಿಗವ್ವ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ನಾಲ್ಕನೆಯ ಸಾಲಿನ ಹತ್ತಿರ ಬೆರಳು ನಿಂತಿತು.

“ಭಾಳ ಚಂದ ಬರದೀ ತಮ್ಮಾ,” ಎಂದಳು. ಒಳಗೆ ಹೋದಳು.

ಅದಾದ ಮೇಲೆ ಅವಳು ಆ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಗಂಟೆ ಬಾರಿಸಿದರೆ ಗ್ಯಾಲರಿಗೆ ಓಡಿ ಕೆಳಗಿನವರನ್ನು ಕೂಗುತ್ತಿದ್ದಳು. ನಾನು ಏನೆಂದುಕೊಂಡೆ? ಶಾಕು ಹೊಡೆಯುತ್ತದೆಂದು ಹೆದರಿದ್ದಾಳೆ ಎಂದುಕೊಂಡೆ. ಕೂರಿಸಿಕೊಂಡು ತಿಳಿಸಿ ಹೇಳಿದೆ: ಇದರಲ್ಲಿರುವುದು ಟಾರ್ಚಿನ ಬ್ಯಾಟರಿಯಷ್ಟು ಕರೆಂಟು, ಇರುವೆಯೂ ಸಾಯುವುದಿಲ್ಲ. ಅವಳು ಗೋಣು ಹಾಕಿದಳು. ಚಿತ್ರ ಬರೆದು ತೋರಿಸಿದೆ. ಅದಕ್ಕೂ ಗೋಣು ಹಾಕಿದಳು. ಅವಳು ಕೇಳದ ಪ್ರಶ್ನೆಗೆ ಅಷ್ಟು ಚೆನ್ನಾಗಿ ಉತ್ತರ ಕೊಟ್ಟವರು ಪುಣೆಯಲ್ಲೇ ಇರಲಾರರು. ಹೆಸರಿನ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ, ಆ ಒಡಪನ್ನು ನಾನೇ ಎಷ್ಟೋ ಸಲ ಹೇಳಿಸಿ ನಕ್ಕಿದ್ದೇನೆ. ಆದರೆ ಅದು ಅಡುಗೆಮನೆಯ ಮಾತು, ಟೆಲಿಫೋನು ಕಾಲೇಜಿನ ಮಾತು. ಎರಡೂ ಒಂದೇ ಗೋಡೆಯ ಆಚೆ ಈಚೆ ಇವೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಅಮಾವಾಸ್ಯೆಯ ದಿನ ಪೇಟೆಗೆ ರಜೆ. ಅಂಗಡಿಗೆ ಬೀಗ, ಹಮಾಲರಿಲ್ಲ, ರಸ್ತೆಯಲ್ಲಿ ದನಗಳಷ್ಟೇ. ಇಂದೂತಾಯಿಯ ಮನೆಯವರು ಮದುವೆಗೆಂದು ತಳೇಗಾಂವಕ್ಕೆ ಹೋಗಿದ್ದರು. ನಾನು ಕಾಲೇಜಿನ ಪ್ರಯೋಗಶಾಲೆಯಲ್ಲಿದ್ದೆ. ಊಟ ಮುಗಿಸಿ ಅಡ್ಡಾದ ಕಾಕಾ ಎದ್ದು ಕೂತು, ಎದೆ ಹಿಡಿದುಕೊಂಡು, ನೀರು ಕೇಳಿದರು. ಚಿಗವ್ವ ತಂಬಿಗೆ ತರುವಷ್ಟರಲ್ಲಿ ಪಕ್ಕಕ್ಕೆ ಉರುಳಿದ್ದರು. ಮೈಯೆಲ್ಲ ಬೆವರು, ಬಾಯಿಗೆ ಹಾಕಿದ ನೀರು ಹೊರಗೆ ಬಂತು. ಗ್ಯಾಲರಿಗೆ ಓಡಿ ಕೂಗಿದಳು, ಯಾರೂ ಇಲ್ಲ. ಡಾಕ್ಟರರ ಮನೆಗೆ ಓಡಿದರೆ ಇಲ್ಲಿ ಒಬ್ಬರನ್ನೇ ಬಿಡಬೇಕು. ಅವಳು ಟೆಲಿಫೋನಿನ ಮುಂದೆ ಬಂದು ನಿಂತಳು.

ಹಿಡಿಕೆ ತಿರುಗಿಸಿದಳು. ಎತ್ತಿದಳು. ಗಾಜಿನೊಳಗಿನ ನಂಬರನ್ನು ನೋಡಿ ಒಂದೊಂದೇ ಅಂಕಿ ಮರಾಠಿಯಲ್ಲಿ ಹೇಳಿದಳು. ಅಲ್ಲಿಯ ತನಕ ನನ್ನ ಬರವಣಿಗೆ ಕೆಲಸ ಮಾಡಿತು. ಆ ಕಡೆ ಎತ್ತಿದವನು ಕಂಪೌಂಡರ ಪ್ರಲ್ಹಾದ.

“ಕೋಣ ಬೋಲ್ತಂಯ?” ಯಾರು ಮಾತಾಡುವುದು ಎಂದು ಕೇಳಿದ.

“ಗುಳವಾಲೇ,” ಎಂದಳು ಚಿಗವ್ವ. ಬೆಲ್ಲದವರು.

ಭವಾನಿ ಪೇಠದಲ್ಲಿ ಬೆಲ್ಲದವರಿಗೆ ಬರವೇ? ಯಾವ ಬೆಲ್ಲದವರು ಎಂದು ಅವನು ಕೇಳಿದ. ಮೂಲೆಯ ಮನೆ ಎಂದಳು. ಯಾವ ಮೂಲೆ? ದೊಡ್ಡ ಬೇವಿನ ಮರದ ಮೂಲೆ. ತಂತಿಯಲ್ಲಿ ಗೊರಗೊರ ಸದ್ದು, ಅವಳ ಮರಾಠಿ ಅಳುವಿನಲ್ಲಿ ಒದ್ದೆಯಾಗಿತ್ತು, ಅವನಿಗೆ ಅರ್ಧ ಕೇಳಿಸಲಿಲ್ಲ. “ಅಹೋ, ನಾವ ಸಾಂಗಾ, ನಾವ!” ಹೆಸರು ಹೇಳಿ, ಹೆಸರು ಎಂದು ರೇಗಿದ.

ಅವಳು ಹಿಂತಿರುಗಿ ನೋಡಿದಳು. ಗಂಡ ಉರುಳಿದ ಕಡೆಯೇ ಇದ್ದರು. ಹೆಸರು ಹೇಳದಿದ್ದರೆ ಡಾಕ್ಟರು ಬರುವುದಿಲ್ಲ, ಹೇಳಿದರೆ ಇರುವ ಉಸಿರೂ ತನ್ನ ಬಾಯಿಂದಲೇ ಹೋಗುತ್ತದೆ. ಅವಳಿಗೆ ತೋಚಿದ್ದು ಒಂದೇ. ಪೆಟ್ಟಿಗೆಯ ಬಾಯಿಗೆ ಬಾಯಿ ಹಚ್ಚಿ, ಅಳುತ್ತ, ಒಂದೇ ಉಸಿರಿಗೆ, “ಹತ್ತಿ ಹೊಲದಾಗ ಹಾಡ್ಯಾವ ಗಿಣಿ...” ಎಂದು ಪೂರ್ತಿ ಒಡಪು ಹೇಳಿದಳು. ಹೆಸರು ಬರುವಲ್ಲಿ ರೂಢಿಯಂತೆ ದನಿ ಇಳಿಯಿತು.

ಪ್ರಲ್ಹಾದನಿಗೆ ಯಾರೋ ಕಾನಡಿ ಹಾಡು ಹಾಡಿ ಚೇಷ್ಟೆ ಮಾಡುತ್ತಿದ್ದಾರೆ ಎನ್ನಿಸಿತು. ಟೆಲಿಫೋನು ಇಟ್ಟುಬಿಟ್ಟ.

ತಂತಿ ಸುಮ್ಮನಾಯಿತು. ಚಿಗವ್ವ ಎಷ್ಟು ಹೊತ್ತು ಹಾಗೇ ನಿಂತಳೋ ಅವಳಿಗೇ ಗೊತ್ತಿಲ್ಲ. ಆಮೇಲೆ ಮತ್ತೆ ಹಿಡಿಕೆ ತಿರುಗಿಸಿದಳು, ಮತ್ತೆ ನಂಬರು ಹೇಳಿದಳು. ಪ್ರಲ್ಹಾದ ಎತ್ತಿ ‘ಕೋಣ’ ಎನ್ನುವ ಮೊದಲೇ ಕೂಗಿದಳು:

“ಈರಬಸಪ್ಪ! ಈರಬಸಪ್ಪ! ಭವಾನಿ ಪೇಠ, ಈರಬಸಪ್ಪ! ಲೌಕರ ಯಾ!”

ಪದ್ಯವಿಲ್ಲ, ‘ಅವರು’ ಇಲ್ಲ, ಮಗನನ್ನೋ ತಮ್ಮನನ್ನೋ ಕರೆದ ಹಾಗೆ. ಬೇಗ ಬನ್ನಿ ಎಂದದ್ದು ಪ್ರಲ್ಹಾದನಿಗೆ ತಿಳಿಯಿತು. ಡಾಕ್ಟರು ಊಟದ ತಟ್ಟೆ ಬಿಟ್ಟು ಎದ್ದರು.

ನಾನು ಸೈಕಲ್ಲಿನಲ್ಲಿ ಮನೆಯ ತಿರುವಿಗೆ ಬರುವಾಗ ಅವರ ಟಾಂಗಾ ಬಾಗಿಲ ಮುಂದೆ ನಿಂತಿತ್ತು. ಡಾಕ್ಟರು ಸೂಜಿ ಚುಚ್ಚಿ, ನಾಡಿ ಹಿಡಿದು ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, ಇನ್ನಷ್ಟು ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದರು. ಪ್ರಲ್ಹಾದ ನನ್ನನ್ನು ಮೆಟ್ಟಿಲ ಹತ್ತಿರ ಕರೆದು, ಮೊದಲ ಸಲ ಹಾಡು ಕೇಳಿ ತಾನು ಟೆಲಿಫೋನು ಇಟ್ಟದ್ದನ್ನು ಹೇಳುತ್ತ ತನ್ನ ತಲೆಗೆ ತಾನೇ ಹೊಡೆದುಕೊಂಡ. ಏನು ಹಾಡು ಎಂದು ಕೇಳಿದೆ. ಅವನಿಗೆ ಅರ್ಥವಾಗದ ಮಾತಾದರೂ ಧಾಟಿ ನೆನಪಿತ್ತು. ಅವನು ಗುನುಗಿದ ಕೂಡಲೇ ನನಗೆ ಎಲ್ಲವೂ ತಿಳಿಯಿತು. ಒಳಗೆ ಹೋಗಿ ಗಾಜಿನೊಳಗಿನ ನಾಲ್ಕನೆಯ ಸಾಲನ್ನು ಓದಿದೆ. ಯಜಮಾನನ ಹೆಸರನ್ನು ಸ್ಪಷ್ಟವಾಗಿ ಹೇಳಬೇಕು.

ಕಾಕಾ ಉಳಿದರು. ದಿನದಿಂದ ದಿನಕ್ಕೆ ಚೇತರಿಸಿಕೊಂಡರು. ಸೊರಗಿದವಳು ಚಿಗವ್ವ. ಬೆಲ್ಲದವರ ಮನೆಯಲ್ಲಿ ಬೆಲ್ಲ ಬಿಟ್ಟಳು, ಸೋಮವಾರ ಒಂದೊತ್ತು ಹಿಡಿದಳು. ಗಂಡ ಮಲಗಿದ್ದರೆ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಅವರು ಎಚ್ಚರಾಗಿ, “ಇನ್ನೂ ಸತ್ತಿಲ್ಲ, ಹೋಗ ಅತ್ತಾಗ,” ಎಂದು ಸಿಡುಕಿದರೆ ಸಾವಿನ ಮಾತು ಕಿವಿಗೆ ಬಿದ್ದದ್ದಕ್ಕೆ ಇನ್ನೊಂದು ದಿನ ಉಪವಾಸ. ಡಾಕ್ಟರು ಉಳಿಸಿದ್ದು ಆ ಒಂದು ದಿನದ ಜೀವ, ತಾನು ಕಳೆದದ್ದು ಮುಂದಿನ ವರ್ಷಗಳು ಎಂದು ಅವಳ ಲೆಕ್ಕ. ಅದೂ ಒಂದು ಸಲವೇ? ಮೇಲಿಂದ ಮೇಲೆ, ಕೂಗಿ.

ಒಂದು ಸಂಜೆ ನಾನು ಗ್ಯಾಲರಿಯಲ್ಲಿ ಕೂತಿದ್ದೆ. ನಮ್ಮ ಮನೆಯಿಂದ ಹೊರಟ ಟೆಲಿಫೋನ್ ತಂತಿ ಬೇವಿನ ಮರದ ಮಗ್ಗುಲಲ್ಲಿ ಹಾದು, ಹಂಚಿನ ಮಾಡುಗಳ ಮೇಲೆ ತೂಗುತ್ತ ರಾಸ್ತಾ ಪೇಠದ ಕಡೆ ಹೋಗುತ್ತದೆ. ಅದರ ಮೇಲೆ ಗುಬ್ಬಿಗಳು ಕೂತಿದ್ದವು. ಬಿಸಿಲು ಇಳಿದು ತಾಮ್ರ ಕೆಂಪಗೆ ಕಾಣುತ್ತಿತ್ತು. ಆ ಕೂಗು ಈ ಗುಬ್ಬಿಗಳ ಕಾಲ ಕೆಳಗೆ ಹಾದುಹೋಗಿರಬೇಕು, ಅವಕ್ಕೆ ಏನಾದರೂ ತಿಳಿದೀತೆ ಎಂದು ಯೋಚಿಸುತ್ತಿದ್ದೆ. ಚಿಗವ್ವ ಬಂದು ಪಕ್ಕದಲ್ಲಿ ಕೂತು ಅದೇ ತಂತಿಯನ್ನು ನೋಡಿದಳು.

“ತಮ್ಮಾ, ತಂತಿ ಒಳಗ ಹೋದ ಮಾತು ಎಲ್ಲಿಗೆ ಹೋಗ್ತದ?”

“ಆ ಕಡಿಯವರ ಕಿವಿಗೆ, ಚಿಗವ್ವಾ.”

“ಕಿವಿಗೆ ಹೋದ ಮ್ಯಾಲ? ಅದನ್ನ ತಿರುಗಿ ತರಾಕ ಬರ್ತದೇನು? ನಿಮ್ಮ ಕಾಲೇಜಿನ್ಯಾಗ ಅಂಥಾದ್ದೊಂದು ಯಂತ್ರ ಇದ್ದೀತು.”

ಅವಳು ತಮಾಷೆ ಮಾಡುತ್ತಿರಲಿಲ್ಲ. ಗಾಳಿಯಲ್ಲಿ ಹಾಡು ಬರುತ್ತದೆ, ಮಳೆ ಗಾಡಿ ಎಳೆಯುತ್ತದೆ ಎಂದೆಲ್ಲ ನಾನೇ ಅವಳ ತಲೆಗೆ ತುಂಬಿದ್ದೆ. ಬರೆದು ಕೊಡುತ್ತೇನೆ ಎಂದೆ.

ಈ ಸಲ ಚಂದಾದಾರನನ್ನು ಹೊರಗೆ ಹಾಕಿದೆ. ಹಾಳೆಯ ಮೊದಲ ಸಾಲಿನಲ್ಲಿ ‘ಚಿಗವ್ವಾ’ ಎಂದು ಬರೆದೆ. ಪ್ರೊಫೆಸರು ನೋಡಿದ್ದರೆ ಹಾಳೆಯನ್ನೇ ಹರಿಯುತ್ತಿದ್ದರು. ನೀನು ಮಾತಾಡಿದಾಗ ಪೆಟ್ಟಿಗೆಯಲ್ಲಿರುವ ತೆಳ್ಳನೆಯ ತಗಡು ನಡುಗುತ್ತದೆ. ಆ ನಡುಕದಂತೆ ಕರೆಂಟು ಹೆಚ್ಚುಕಡಿಮೆಯಾಗುತ್ತದೆ. ಆ ಕಡೆ ಇನ್ನೊಂದು ತಗಡನ್ನು ಅದು ನಡುಗಿಸುತ್ತದೆ. ಅಷ್ಟರಲ್ಲಿ ಅದರ ಶಕ್ತಿ ತೀರುತ್ತದೆ. ಉಳಿದದ್ದು ತಂತಿಯನ್ನು ಕೂದಲೆಳೆಯಷ್ಟು ಬೆಚ್ಚಗೆ ಮಾಡಿ ಗಾಳಿಗೆ ಸೇರಿಹೋಗುತ್ತದೆ. ಆಮೇಲೆ ಅದು ಎಲ್ಲಿಯೂ ಇರುವುದಿಲ್ಲ, ಯಾರನ್ನೂ ಮುಟ್ಟುವುದಿಲ್ಲ. ಇಷ್ಟು ಬರೆಯಲು ನನಗೆ ಒಂದು ವಾರ ಹಿಡಿಯಿತು. ನನ್ನ ಜೀವಮಾನದಲ್ಲಿ ಇದಕ್ಕಿಂತ ಸ್ಪಷ್ಟವಾಗಿ ನಾನು ಏನನ್ನೂ ಬರೆದಿಲ್ಲ. ಬರೆಯುವಾಗ ನನಗೇ ಆ ಬೆಚ್ಚಗಿನ ತಂತಿ ಕೈಗೆ ಸಿಕ್ಕಂತಾಗಿ, ದೀಪದ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದೆ.

ಚಿಗವ್ವ ಬೆರಳಿಟ್ಟು ಓದಿದಳು. ಎಲ್ಲಿಯೂ ಬೆರಳು ನಿಲ್ಲಲಿಲ್ಲ. ಮುಗಿಸಿ ಹಾಳೆಯನ್ನು ಮಡಿಸಿದಳು.

“ಎಲ್ಲಾ ತಿಳೀತು ತಮ್ಮಾ. ಒಂದಕ್ಷರ ಸೈತ ಬಿಡದಂಗ ತಿಳೀತು. ಅಂದ್ರ ಹೋದದ್ದು ಹೋತು, ತಿರುಗಿ ಬರಂಗಿಲ್ಲ.”

ಅವಳು ಎದ್ದು ಹೋದ ಮೇಲೆ ನಾನು ಅಲ್ಲೇ ಕೂತೆ. ಬರೆದದ್ದು ಓದುವವರಿಗೆ ತಿಳಿದರೆ ಮುಗಿಯಿತು ಎಂದುಕೊಂಡಿದ್ದೆ. ತಿಳಿದೂ ಹೀಗೆ ಆಗಬಹುದು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಯಂತ್ರ ಹೇಗೆ ನಡೆಯುತ್ತದೆಂದು ನಾನು ಹೇಳಿದ್ದೆ. ಅವಳು ಕೇಳಿದ್ದು ತನ್ನ ಗಂಡ ಇರುತ್ತಾರೋ ಇಲ್ಲವೋ ಎಂದು. ಅದನ್ನು ಬರೆಯುವ ಭಾಷೆ ನನ್ನ ಹತ್ತಿರ ಇರಲಿಲ್ಲ. ತುಂಬ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

ಕಾಕಾನಿಗೆ ಇದೊಂದೂ ಗೊತ್ತಿರಲಿಲ್ಲ. ಹೆಂಡತಿ ಯಾಕೆ ಮುಖ ತಪ್ಪಿಸುತ್ತಾಳೆ, ಹೋಳಿಗೆ ಯಾಕೆ ತಿನ್ನುವುದಿಲ್ಲ ಎಂದು ಅವರು ನನ್ನನ್ನು ಕೇಳಿದರು. ನಾನು ಎಲ್ಲ ಹೇಳಿದೆ, ಒಡಪನ್ನೂ, ಕೂಗನ್ನೂ, ಹಾಳೆಯನ್ನೂ. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

“ನನಗ ಕೇಳಿಸಿತ್ತೋ,” ಎಂದರು. “ಎಲ್ಲಾ ಕತ್ತಲಾಗಿತ್ತು. ಎಲ್ಲೋ ಇಳದು ಹೊಂಟಂಗ ಆಗಿತ್ತು. ಯಾರೋ ಹೆಸರು ಹಿಡದು ಕರದರು. ನಮ್ಮವ್ವ ಹೋದಾಗಿಂದ ನನ್ನ ಹಂಗ ಯಾರೂ ಕರದಿಲ್ಲ. ಎಲ್ಲಾರೂ ಸಾವಕಾರ್ರ, ಶೇಠ, ಕಾಕಾ. ಓ ಅನ್ನಬೇಕು ಅನಸ್ತು, ಬಾಯಿ ಬರಲಿಲ್ಲ.” ಟೆಲಿಫೋನಿನ ಕಡೆ ತಿರುಗಿ, “ಅಕೀ ಅಂತ ನನಗ ಗೊತ್ತಾಗಲಿಲ್ಲ ನೋಡು,” ಎಂದರು.

ಹಾಗಾದರೆ ಅದನ್ನು ಚಿಗವ್ವನಿಗೆ ಹೇಳಿಬಿಡಿ ಎಂದೆ.

“ಹೇಳಿದ್ರ ನಂಬ್ತಾಳೇನು? ಸಮಾಧಾನಕ್ಕ ಹೇಳ್ತಾರ ಅಂತಾಳ.”

ಮೆಟ್ಟಿಲು ಇಳಿಯಬಹುದೆಂದು ಡಾಕ್ಟರು ಹೇಳಿದ ಮರುದಿನ ಬೆಳಿಗ್ಗೆ ಕಾಕಾ ಕೋಟು ಹಾಕಿಕೊಂಡು, ತಲೆಗೆ ಪಟಗಾ ಸುತ್ತಿಕೊಂಡು ಕೆಳಗೆ ಹೋದರು. ಚಿಗವ್ವ ಬಾಗಿಲ ತನಕ ಹೋಗಿ ನಿಂತಳು. ಪೇಟೆ ತುಂಬಿತ್ತು, ಕೊಲ್ಹಾಪುರದ ಬೆಲ್ಲ ಇಳಿಯುತ್ತಿತ್ತು, ಹಮಾಲರು ಕೂಗಾಡುತ್ತಿದ್ದರು. ನಾನು ಪಡಸಾಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಟೆಲಿಫೋನು ಬಾರಿಸಿತು.

ಚಿಗವ್ವ ರೂಢಿಯಂತೆ ಗ್ಯಾಲರಿಯ ಕಡೆ ಹೊರಟಳು. ನಾನೇ ಎತ್ತೋಣವೆಂದು ಎದ್ದವನು ಗ್ಯಾಲರಿಯಿಂದಾಚೆ ನೋಡಿದೆ. ಎದುರಿನ ಏಕನಾಥ ಶೇಠರ ಅಂಗಡಿಯಲ್ಲಿ ಕಾಕಾ ಟೆಲಿಫೋನು ಕಿವಿಗೆ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಕೈ ಬೀಸಿದರು: ನೀನಲ್ಲ.

“ಚಿಗವ್ವಾ, ನೀನೇ ಎತ್ತಬೇಕಂತ.”

“ನಾ ಒಲ್ಲೆ.”

“ಎತ್ತು. ನನ್ನ ಆಣೆ.”

ಅವಳು ಕೈ ಒರೆಸಿಕೊಂಡು ಎತ್ತಿದಳು. ನಾನು ಹತ್ತಿರವೇ ನಿಂತಿದ್ದೆ. ಆ ಕಡೆಯ ದನಿ ಸಣ್ಣದಾಗಿ, ಡಬ್ಬಿಯೊಳಗಿನ ಜೀರುಂಡೆಯ ಹಾಗೆ, ನನಗೂ ಕೇಳಿಸಿತು.

“ಇದು ಯಾರ ಮನಿರೀ?”

ಅವಳು ಗೋಡೆಯಿಂದ ಹಿಂದೆ ಸರಿದಳು. ಗಂಡನ ದನಿಯ ಗುರುತು ಸಿಕ್ಕಿತ್ತು.

“ಯಾರ ಮನಿ? ಹೆಸರು ಹೇಳ್ರಿ. ಇಲ್ಲಂದ್ರ ಇಟ್ಟಬಿಡ್ತೀನಿ.”

“ಬ್ಯಾಡ್ರಿ,” ಎಂದಳು ಅವಳು ಪಿಸುದನಿಯಲ್ಲಿ. “ಕೈ ಮುಗೀತೀನಿ, ಬ್ಯಾಡ್ರಿ.”

“ಅವತ್ತ ಡಾಕ್ಟರಗ ಹೇಳಿದಿ, ಕಂಪೌಂಡರಗ ಹೇಳಿದಿ. ನಾ ಅಲ್ಲೇ ಬಿದ್ದಿದ್ದೆ, ಓ ಅನ್ನಾಕ ಆಗಲಿಲ್ಲ. ಒಮ್ಮೆ ನನ್ನ ಮುಂದ ಹೇಳು.”

ಕೆಳಗೆ ಯಾರೋ ಬೆಲ್ಲದ ಪೆಂಟೆ ಎತ್ತಿಹಾಕಿದ ಸದ್ದಾಯಿತು. ಚಿಗವ್ವ ಕಣ್ಣು ಮುಚ್ಚಿಕೊಂಡಳು. ಸೆರಗು ಬಾಯಿಗೆ ಹೋಗಿ ಅರ್ಧದಲ್ಲಿ ನಿಂತಿತು.

“ಈರಬಸಪ್ಪ,” ಎಂದಳು.

“ಓ. ಇದ್ದೀನಿ.”

ತಂತಿ ಗೊರಗೊರ ಎನ್ನುತ್ತಿತ್ತು. ಆಮೇಲೆ ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ, ನಿಜವೋ ಸುಳ್ಳೋ ನೋಡುವವಳ ಹಾಗೆ ಹೇಳಿದಳು.

“ಈರಬಸಪ್ಪ.”

“ಇದ್ದೀನಿ ನೋಡು.”